ಒಂದು ಸೂಜಿ ಸಾಲದು: ನಾಯಿಮರಿಯ ಮೊದಲ ವರ್ಷದ ಆರೋಗ್ಯ ಮತ್ತು ಖರ್ಚಿನ ಸಮಗ್ರ ಮಾರ್ಗದರ್ಶಿ

"ಅಕ್ಕಾ, ಸೂಜಿ ಹಾಕಿಸಿದ್ದೆವಲ್ಲ?" ಈ ಮಾತನ್ನು ಫೋನಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನವನಗರದಿಂದ, ಗೋಕುಲ ರಸ್ತೆಯಿಂದ, ಒಮ್ಮೆ ರಾತ್ರಿ ಹನ್ನೊಂದಕ್ಕೆ ಹಾವೇರಿಯಿಂದ. ಮರಿ ಎರಡು ದಿನದಿಂದ ವಾಂತಿ ಮಾಡಿಕೊಳ್ಳುತ್ತಿರುತ್ತದೆ, ಭೇದಿಯಲ್ಲಿ ರಕ್ತ ಬಂದಿರುತ್ತದೆ. ಲಸಿಕೆಯ ಸೂಜಿ ಎಷ್ಟು ಎಂದು ಕೇಳಿದರೆ ಒಂದು. ಯಾವಾಗ ಎಂದರೆ, ಮಾರಿದವರೇ ಹಾಕಿಸಿ ಕೊಟ್ಟಿದ್ದರು. ಕಾರ್ಡ್ ಎಲ್ಲಿ ಎಂದರೆ ಮೌನ.

ನಾನು ವೈದ್ಯೆಯಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಇಪ್ಪತ್ತು ವರ್ಷಗಳಿಂದ ನಾಯಿ ಸಾಕಿದವಳು. ಸಾಕಿದ ಮೊದಲ ಮರಿಯನ್ನು ಇದೇ ತಪ್ಪಿನಿಂದ ಕಳೆದುಕೊಂಡವಳು. ಔಷಧ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಜನ ಎಡವುತ್ತಾರೆ ಎಂಬುದಷ್ಟೇ ಇಲ್ಲಿದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಹೆಚ್ಚಿನವರು ಮೊದಲು ಮರಿ ತರುತ್ತಾರೆ, ಆಮೇಲೆ ಬೆಲ್ಟು, ಆಮೇಲೆ ಹೆಸರು, ಕೊನೆಗೆ ಕಾಯಿಲೆ ಬಿದ್ದಾಗ ವೈದ್ಯರು. ನಾವು ಆ ಕೊನೆಯಿಂದ ಶುರುಮಾಡೋಣ.

## ಹಂತ 1: ಮರಿಗಿಂತ ಮೊದಲು ವೈದ್ಯರು

ಮರಿ ಬರುವುದಕ್ಕೆ ಎರಡು ವಾರ ಇರುವಾಗಲೇ ಇಬ್ಬರು ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಒಬ್ಬರು ದಿನನಿತ್ಯಕ್ಕೆ, ಇನ್ನೊಬ್ಬರು ಭಾನುವಾರ ಮತ್ತು ರಾತ್ರಿಗೆ. ಹುಬ್ಬಳ್ಳಿ–ಧಾರವಾಡದಲ್ಲಿ ಖಾಸಗಿ ಕ್ಲಿನಿಕ್‌ಗಳೂ ಸರ್ಕಾರಿ ಪಶು ಆಸ್ಪತ್ರೆಗಳೂ ಇವೆ. ಗದಗಿನವರಿಗೆ ಊರ ಹತ್ತಿರವೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ನಮ್ಮ ಕಡೆ ದನದ ದವಾಖಾನೆ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಯಿಯನ್ನೂ ನೋಡುತ್ತಾರೆ. ಹೆಸರು ಕೇಳಿ ಹಿಂಜರಿಯಬೇಡಿ.

ಖಾಲಿ ಕೈಯಲ್ಲಿ ಒಮ್ಮೆ ಹೋಗಿ ನಾಲ್ಕು ಪ್ರಶ್ನೆ ಕೇಳಿ ಬನ್ನಿ. ಭಾನುವಾರ ಫೋನ್ ತೆಗೆಯುತ್ತೀರಾ? ಮರಿಗೆ ಪಾರ್ವೊ (ವಾಂತಿ, ರಕ್ತಭೇದಿ ತರುವ ಮಾರಕ ವೈರಾಣು ಕಾಯಿಲೆ) ಬಂದರೆ ಇಲ್ಲಿಯೇ ಇಟ್ಟುಕೊಂಡು ಸಲೈನ್ ಹಾಕುತ್ತೀರಾ, ಅಥವಾ ದಿನಕ್ಕೆ ಎರಡು ಸಲ ನಾವೇ ಕರೆತರಬೇಕೇ? ಲಸಿಕೆ ನಿಮ್ಮ ಫ್ರಿಜ್ಜಿನಲ್ಲಿ ಇರುತ್ತದೆಯೇ, ಮೆಡಿಕಲ್ ಅಂಗಡಿಯಿಂದ ನಾವು ತರಬೇಕೇ? ರಕ್ತಪರೀಕ್ಷೆ ಇಲ್ಲೇ ಆಗುತ್ತದೆಯೇ?

ಎರಡನೆಯ ಪ್ರಶ್ನೆಗೆ ಸಿಗುವ ಉತ್ತರ ತುಂಬ ಮುಖ್ಯ. ಅಣ್ಣಿಗೇರಿಯಲ್ಲೋ ಕಲಘಟಗಿಯಲ್ಲೋ ಮನೆಯಿದ್ದು, ಕಾಯಿಲೆಯ ಮರಿಯನ್ನು ದಿನಕ್ಕೆರಡು ಸಲ ಹುಬ್ಬಳ್ಳಿಗೆ ತರಬೇಕೆಂದರೆ ಗಾಡಿ, ರಜೆ, ಮನೆಯಲ್ಲಿ ಒಬ್ಬರ ಬಿಡುವು ಎಲ್ಲವೂ ಖರ್ಚೇ. ಇಬ್ಬರು ವೈದ್ಯರ ನಂಬರನ್ನೂ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೊಬೈಲ್ ನಿಮ್ಮ ಜೇಬಿನಲ್ಲಿರುತ್ತದೆ, ಮರಿಯ ಜೊತೆ ಮನೆಯಲ್ಲಿರುವವರು ನಿಮ್ಮ ಅತ್ತೆಯವರು.

## ಹಂತ 2: ಹಣವನ್ನು ಮೂರು ಲಕೋಟೆಯಲ್ಲಿ ಇಡಿ

ಮರಿಯ ಬೆಲೆಯ ಬಗ್ಗೆ ಚೌಕಾಸಿ ಮಾಡುವವರು ಆಮೇಲಿನ ವರ್ಷದ ಲೆಕ್ಕವನ್ನೇ ಹಾಕಿರುವುದಿಲ್ಲ. ಬೀದಿಯಿಂದ ತಂದ ಮರಿಗೆ ಬೆಲೆ ಇಲ್ಲದಿರಬಹುದು, ಲಸಿಕೆಯ ಬೆಲೆ ಅದಕ್ಕೂ ಒಂದೇ. ಕೆಳಗಿನವು ನಾನು ಲೆಕ್ಕಕ್ಕೆ ಹಿಡಿಯುವ ಅಂದಾಜು ಮೊತ್ತಗಳು. ನಿಮ್ಮ ವೈದ್ಯರ ದರ ಕೇಳಿ ತಿದ್ದಿಕೊಳ್ಳಿ.

ಮೊದಲ ಲಕೋಟೆ: ಗೊತ್ತಿರುವ ಖರ್ಚು. ಮೊದಲ ವರ್ಷದ ಲಸಿಕೆಗಳು, ಹುಳದ ಔಷಧ, ವೈದ್ಯರ ಶುಲ್ಕ, ಉಣ್ಣೆಯ (ಮೈಗೆ ಅಂಟಿ ರಕ್ತ ಹೀರುವ ಕೀಟದ) ಔಷಧ. ಎಲ್ಲವನ್ನೂ ಖಾಸಗಿಯಲ್ಲೇ ಮಾಡಿಸಿದರೆ 8,000 ರಿಂದ 10,000 ರೂಪಾಯಿ ಎತ್ತಿಡುತ್ತೇನೆ. ಇದರಲ್ಲಿ ದೊಡ್ಡ ಪಾಲು ಲಸಿಕೆಯದ್ದಲ್ಲ, ತಿಂಗಳು ತಿಂಗಳು ಹಾಕುವ ಉಣ್ಣೆಯ ಔಷಧದ್ದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ; ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ರೇಬೀಸ್ ಲಸಿಕೆ ಶಿಬಿರ ನಡೆಸುವ ರೂಢಿಯಿದೆ. ಹಾಗೆಂದು ಮರಿಯ ಮೊದಲ ರೇಬೀಸ್ ಲಸಿಕೆಯನ್ನು ಶಿಬಿರಕ್ಕಾಗಿ ತಿಂಗಳುಗಟ್ಟಲೆ ಮುಂದೂಡಬೇಡಿ. ಉಳಿತಾಯ ಮಾಡುವುದಿದ್ದರೆ ಮುಂದಿನ ವರ್ಷದ ಲಸಿಕೆಯಲ್ಲಿ ಮಾಡಿ.

ಎರಡನೆಯ ಲಕೋಟೆ: ಸಂತಾನಹರಣ ಶಸ್ತ್ರಚಿಕಿತ್ಸೆ. ಮರಿ ಗಂಡೋ ಹೆಣ್ಣೋ, ತೂಕ ಎಷ್ಟು ಎಂಬುದರ ಮೇಲೆ 4,000 ರಿಂದ 10,000. ಇದು ಆರು ತಿಂಗಳ ನಂತರದ ಮಾತು. ಈಗಿನಿಂದಲೇ ತಿಂಗಳಿಗೆ ಸಾವಿರ ಹಾಕುತ್ತ ಬಂದರೆ ಭಾರವಾಗುವುದಿಲ್ಲ.

ಮೂರನೆಯ ಲಕೋಟೆ: ಆಪತ್ತು. ಕನಿಷ್ಠ 10,000, ಸಾಧ್ಯವಿದ್ದರೆ 15,000. ಇದನ್ನು ಮರಿ ಬರುವ ಮೊದಲೇ ತುಂಬಿಸಿ ಇಡಬೇಕು, ಆಮೇಲೆ ಅಲ್ಲ. ಏಕೆಂದರೆ ಮರಿಗೆ ಅಪಾಯ ಹೆಚ್ಚಿರುವುದೇ ಮೊದಲ ಮೂರು ತಿಂಗಳಲ್ಲಿ. ಪಾರ್ವೊ ಬಂದರೆ ಐದಾರು ದಿನ ಸಲೈನ್, ವಾಂತಿ ನಿಲ್ಲಿಸುವ ಚುಚ್ಚುಮದ್ದು, ರಕ್ತಪರೀಕ್ಷೆ ಎಂದು ಈ ಹಣ ಕರಗಿಹೋಗುತ್ತದೆ. ಎರಡನೆಯ ದಿನ ಮರಿ ಸ್ವಲ್ಪ ತಲೆಯೆತ್ತಿದ ಕೂಡಲೇ 'ಸುಧಾರಿಸಿತು' ಎಂದು ಚಿಕಿತ್ಸೆ ನಿಲ್ಲಿಸುವವರನ್ನು ಕಂಡಿದ್ದೇನೆ. ನಿಲ್ಲಿಸಿದ್ದು ಮರಿ ಸುಧಾರಿಸಿದ್ದಕ್ಕಲ್ಲ, ಹಣ ಮುಗಿದದ್ದಕ್ಕೆ.

ಊಟದ ಖರ್ಚು ಇದರಲ್ಲಿ ಸೇರಿಲ್ಲ.

## ಹಂತ 3: ಮನೆಯಲ್ಲಿ ಇರಬೇಕಾದ ಸಾಮಾನು

ಪಟ್ಟಿ ದೊಡ್ಡದಲ್ಲ: ಒಂದು ಡಿಜಿಟಲ್ ಥರ್ಮಾಮೀಟರ್ (ಮನುಷ್ಯರದ್ದೇ ಆಗಬಹುದು, ಆದರೆ ಮರಿಗೆಂದೇ ಬೇರೆಯದು), ಕೊಕ್ಕೆಗೆ ತೂಗುಹಾಕಿ ತೂಗುವ ಸಣ್ಣ ತಕ್ಕಡಿ, ಸೂಜಿಯಿಲ್ಲದ 5 ಮತ್ತು 10 ಎಂ.ಎಲ್. ಸಿರಿಂಜ್, ಉಣ್ಣೆ ಕೀಳುವ ಚಿಮಟ, ದ್ರವರೂಪದ ಬ್ಲೀಚ್, ಹಳೆಯ ಚಾದರಗಳು, ಮತ್ತು ಒಂದು ನೋಟುಬುಕ್ಕು.

ನೋಟುಬುಕ್ಕನ್ನು ಕಂಡು ನಗುವವರಿದ್ದಾರೆ. ತೂಕ, ಊಟ, ಮಲ ಹೇಗಿತ್ತು, ಯಾವ ಔಷಧ ಯಾವಾಗ ಕೊಟ್ಟದ್ದು, ದಿನಕ್ಕೆ ಒಂದೇ ಸಾಲು ಬರೆಯಿರಿ. "ಯಾವಾಗಿನಿಂದ ತಿಂದಿಲ್ಲ?" ಎಂದು ವೈದ್ಯರು ಕೇಳಿದಾಗ ಗಂಡ ಒಂದು ದಿನ ಅನ್ನುತ್ತಾನೆ, ಹೆಂಡತಿ ಎರಡು ದಿನ ಅನ್ನುತ್ತಾಳೆ. ಆ ಜಗಳ ತೀರಿಸಲು ಇದು ಬೇಕು.

ಇನ್ನು ಮನೆಯನ್ನು ಒಮ್ಮೆ ಮೊಣಕಾಲೂರಿ ನೋಡಿ. ಇಲಿಪಾಷಾಣ ಯಾವ ಮೂಲೆಯಲ್ಲಿದೆ? ಹೊಲದ ಮನೆಯಾದರೆ ಹತ್ತಿಯ ಔಷಧದ ಬಾಟಲಿ, ಔಷಧ ಲೇಪಿಸಿದ ಬಿತ್ತನೆ ಬೀಜ ಎಲ್ಲಿವೆ? ನಲ್ಲಿ ನೀರು ನಾಲ್ಕಾರು ದಿನಕ್ಕೊಮ್ಮೆ ಬರುವ ನಮ್ಮ ಊರುಗಳಲ್ಲಿ ನೆಲಮಟ್ಟದ ತೊಟ್ಟಿಗಳಿರುತ್ತವೆ, ಮುಚ್ಚಳ ಗಟ್ಟಿಯಾಗಿದೆಯೇ? ಇಲಿ ಓಡಾಡಿದ ಜಾಗದ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ ಬರುತ್ತದೆ. ಅದು ಮರಿಯಿಂದ ಮನುಷ್ಯರಿಗೂ ಹರಡಬಹುದು.

ಎಚ್ಚರಿಕೆ: ಇದೇ ಮನೆಯಲ್ಲಿ ಈ ಹಿಂದೆ ಪಾರ್ವೊದಿಂದ ಮರಿ ಸತ್ತಿದ್ದರೆ, ಆ ವೈರಾಣು ನೆಲದಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್ ಅದನ್ನು ಕೊಲ್ಲುವುದಿಲ್ಲ. ಮೊದಲು ಸೋಪಿನಿಂದ ಜಿಡ್ಡು, ಕೊಳೆ ತೊಳೆದು, ಆಮೇಲೆ 1 ಪಾಲು ದ್ರವ ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲ ಹಸಿಯಾಗಿರುವಂತೆ ಬಿಡಬೇಕು. ಅಂಗಳದ ಮಣ್ಣನ್ನು ಹೀಗೆ ತೊಳೆಯಲಾಗದು. ಅಂಥ ಮನೆಗೆ ಎಲ್ಲ ಲಸಿಕೆ ಮುಗಿದ, ಐದು ತಿಂಗಳು ದಾಟಿದ ನಾಯಿಯನ್ನೇ ತನ್ನಿ.

## ಹಂತ 4: ಮರಿಯನ್ನು ತರುವ ದಿನ

ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ತರಬೇಡಿ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಅದಕ್ಕಿಂತ ಚಿಕ್ಕದನ್ನು ಮಾರುವಂತೆಯೇ ಇಲ್ಲ. ಆದರೂ ಮೂವತ್ತು ದಿನದ ಮರಿಯನ್ನು 'ನಲವತ್ತೈದು ದಿನದ್ದು' ಎಂದು ಕೈಗಿಡುವವರು ಇದ್ದಾರೆ. ಬಾಯಿ ತೆರೆದು ನೋಡಿ. ಎಂಟು ವಾರದ ಮರಿಗೆ ಹಾಲುಹಲ್ಲುಗಳು ಬಂದಾಗಿರುತ್ತವೆ, ಪೂರ್ತಿ ಬಂದರೆ 28. ಮುಂದಿನ ಪುಟ್ಟ ಹಲ್ಲುಗಳಷ್ಟೇ ಒಸಡಿನಿಂದ ಇಣುಕುತ್ತಿದ್ದರೆ ಅದಿನ್ನೂ ತಿಂಗಳ ಕೂಸು.

ಮಿಕ್ಕದ್ದನ್ನೂ ನೋಡಿ: ಕಣ್ಣು, ಮೂಗಿನಲ್ಲಿ ಗಟ್ಟಿ ಸೋರಿಕೆ ಇರಬಾರದು. ಬಾಲ ಎತ್ತಿ ನೋಡಿದರೆ ಹಿಂಭಾಗ ಒಣಗಿರಬೇಕು. ಹೊಟ್ಟೆ ಡೊಳ್ಳಿನಂತೆ ಉಬ್ಬಿ ಬೆನ್ನೆಲುಬು ಕಾಣುತ್ತಿದ್ದರೆ ಅದು ಪುಷ್ಟಿಯಲ್ಲ, ಹುಳ. ಒಡಹುಟ್ಟಿದ ಮರಿಗಳಲ್ಲಿ ಒಂದಾದರೂ ಮೂಲೆಯಲ್ಲಿ ಮುದುಡಿ ಮಲಗಿದ್ದರೆ ಆ ಗುಂಪಿನಿಂದ ಯಾವ ಮರಿಯನ್ನೂ ಅಂದು ತರಬೇಡಿ. ಪಾರ್ವೊ ಮೈಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3 ರಿಂದ 7 ದಿನ ಬೇಕು. ನೀವು ಎತ್ತಿಕೊಂಡ ಚುರುಕು ಮರಿಯ ಸರದಿ ನಾಳೆಯದ್ದಾಗಿರಬಹುದು.

ಮುಧೋಳ ಮರಿ ತರುವವರಿಗೆ ಒಂದು ಮಾತು. ಅದರ ಮೈಕಟ್ಟೇ ತೆಳು. ಪಕ್ಕೆಲುಬು ತುಸು ಕಂಡರೆ ಗಾಬರಿಬಿದ್ದು ತುರುಕಬೇಡಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ಬೇಟೆನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಗೆ ಒಯ್ದಾಗ ತಳಿಯನ್ನು ಮೊದಲೇ ಹೇಳಿ.

ಲಸಿಕೆ ಹಾಕಿದ್ದೇವೆ ಎಂದರೆ ಕಾರ್ಡ್ ಕೇಳಿ. ಕಾರ್ಡಿನಲ್ಲಿ ಲಸಿಕೆಯ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ತಾರೀಖು, ವೈದ್ಯರ ಸಹಿ ಮತ್ತು ಮೊಹರು ಇರಬೇಕು. ಬರೀ ಪೆನ್ನಿನಲ್ಲಿ 'ಮೊದಲ ಸೂಜಿ ಆಗಿದೆ' ಎಂದು ಬರೆದಿದ್ದರೆ ಆಗಿಲ್ಲ ಎಂದೇ ತಿಳಿದು ಮುಂದುವರಿಯಿರಿ.

## ಹಂತ 5: ಮೊದಲ ಮೂರು ದಿನ

ಈ ಮೂರು ದಿನ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಜಾಸ್ತಿ.

ಸ್ನಾನ ಬೇಡ. ಓಣಿಯ ಮಕ್ಕಳೆಲ್ಲ ಎತ್ತಿಕೊಳ್ಳುವುದು ಬೇಡ. ಹಳೆಯ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ಬದಲಿಸುವುದಿದ್ದರೆ ಏಳು ದಿನ ತೆಗೆದುಕೊಂಡು, ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬದಲಿಸಿ. ಆಕಳ ಹಾಲು, ಎಮ್ಮೆ ಹಾಲು ಬಟ್ಟಲುಗಟ್ಟಲೆ ಇಡಬೇಡಿ. ತಾಯಿ ಬಿಟ್ಟ ಮರಿಗೆ ಹಾಲು ಬೇಕೇ ಬೇಕು ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ. ಅದನ್ನು ಅರಗಿಸಿಕೊಳ್ಳಲಾಗದೆ ಮರಿ ಭೇದಿ ಮಾಡುತ್ತದೆ, ಆಗ ಇದು ಹಾಲಿನ ಭೇದಿಯೋ ಕಾಯಿಲೆಯ ಭೇದಿಯೋ ತಿಳಿಯದೆ ಒಂದು ದಿನ ವ್ಯರ್ಥವಾಗುತ್ತದೆ. ಆ ಒಂದು ದಿನವೇ ದುಬಾರಿ.

ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆ, ಎಲುಬಿಲ್ಲದ ಕೋಳಿ ಆದೀತು. ಆದರೆ ಬೆಳೆಯುವ ಮರಿಗೆ ಸುಣ್ಣದಂಶದ ಲೆಕ್ಕ ತಪ್ಪಬಾರದು, ಆದ್ದರಿಂದ ಮನೆಯೂಟವಾದರೆ ವೈದ್ಯರಿಗೆ ಹೇಳಿ. ಬರೀ ರೊಟ್ಟಿ–ಹಾಲಿನಲ್ಲಿ ಮರಿಯ ಎಲುಬು ಗಟ್ಟಿಯಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಸಂಜೆ ಗಿರ್ಮಿಟ್ ತಿನ್ನುತ್ತ ಒಂದು ತುತ್ತು ಮರಿಗೆ ಹಾಕಿದರೆ ಹಸಿ ಈರುಳ್ಳಿಯೂ ಹೋಯಿತೆಂದೇ ಅರ್ಥ. ಪಂಚಮಿಯ ಉಂಡಿಯಲ್ಲಿ ಒಣದ್ರಾಕ್ಷಿ ಇರುತ್ತದೆ. ಧಾರವಾಡ ಪೇಡೆ ವಿಷವಲ್ಲ, ಆದರೆ ರಾತ್ರಿಯೆಲ್ಲ ಚಾದರ ತೊಳೆಯುವವರು ನೀವೇ. ಬೇಯಿಸಿದ ಕೋಳಿಯ ಎಲುಬು ಚೂರುಚೂರಾಗಿ ಕರುಳಿಗೆ ಚುಚ್ಚುತ್ತದೆ. ಮಾವಿನ ಗೊರಟೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಮೂರು ದಿನದೊಳಗೆ ಒಮ್ಮೆ ವೈದ್ಯರಿಗೆ ತೋರಿಸಿ. ಆಸ್ಪತ್ರೆಯಲ್ಲಿ ಮರಿಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ, ನೆಲಕ್ಕೆ ಬಿಡಬೇಡಿ. ಕಾಯಿಲೆಯ ಮರಿಗಳು ಕೂತೆದ್ದು ಹೋದ ನೆಲವದು.

### ತೂಕ ತೆಗೆಯುವುದು ಹೇಗೆ

ಎಲ್ಲ ಔಷಧವೂ ತೂಕದ ಮೇಲೆಯೇ ನಡೆಯುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಬಟ್ಟೆಯ ಸಂತೆಚೀಲದಲ್ಲಿ ಮರಿಯನ್ನು ಕೂರಿಸಿ, ಚೀಲದ ಎರಡೂ ಹಿಡಿಯನ್ನು ತಕ್ಕಡಿಯ ಕೊಕ್ಕೆಗೆ ಹಾಕಿ, ಹಾಸಿಗೆಯ ಮೇಲೆ ಗೇಣೆತ್ತರಕ್ಕೆ ಎತ್ತಿ. ಮರಿ ತಲೆ ಹೊರಗೆ ಹಾಕಿ ಒದ್ದಾಡುತ್ತದೆ, ಅಂಕಿ 1.9, 2.4, 2.0 ಎಂದು ಕುಣಿಯುತ್ತದೆ. ಮೂಗಿನ ಮುಂದೆ ಬೆರಳಿಗೆ ಒಂಚೂರು ಮೊಸರು ಹಚ್ಚಿ ಹಿಡಿದರೆ ನೆಕ್ಕುತ್ತ ಸುಮ್ಮನಾಗುತ್ತದೆ, ಅಂಕಿಯೂ ನಿಲ್ಲುತ್ತದೆ. ಚೀಲದ ತೂಕ ಕಳೆದು ಬರೆಯಿರಿ. ವಾರಕ್ಕೆರಡು ಸಲ ಸಾಕು. ಬೆಳೆಯುವ ಮರಿಯ ತೂಕ ಏರುತ್ತಲೇ ಇರಬೇಕು. ಒಂದು ವಾರ ನಿಂತರೆ ಅಥವಾ ಇಳಿದರೆ, ಎಷ್ಟೇ ಆಡುತ್ತಿದ್ದರೂ ವೈದ್ಯರಿಗೆ ತೋರಿಸಿ.

## ಹಂತ 6: ಹುಳದ ಔಷಧ

ಮರಿಗಳಿಗೆ ಹುಳ ತಾಯಿಯ ಗರ್ಭದಲ್ಲೇ, ಹಾಲಿನಲ್ಲೇ ಬರುತ್ತದೆ. 'ನಮ್ಮ ಮನೆ ಸ್ವಚ್ಛ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಎರಡು ವಾರದ ವಯಸ್ಸಿನಿಂದ ಹದಿನೈದು ದಿನಕ್ಕೊಮ್ಮೆ ಶುರುವಾಗಿ, ಮೂರು ತಿಂಗಳ ಮೇಲೆ ತಿಂಗಳಿಗೊಮ್ಮೆ, ಆರು ತಿಂಗಳ ನಂತರ ಮೂರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ.

ಜನ ತಪ್ಪುವುದು ಎರಡು ಕಡೆ. ಕಳೆದ ಸಲದ ಪ್ರಮಾಣವನ್ನೇ ಈ ಸಲವೂ ಕೊಡುತ್ತಾರೆ, ಅಷ್ಟರಲ್ಲಿ ಮರಿ ಒಂದೂವರೆ ಪಟ್ಟು ಬೆಳೆದಿರುತ್ತದೆ. ಇಲ್ಲವೇ ಒಂದು ಸಲ ಕೊಟ್ಟು, ಮಲದಲ್ಲಿ ಶ್ಯಾವಿಗೆಯಂಥ ಹುಳ ಬಿದ್ದದ್ದನ್ನು ನೋಡಿ 'ಎಲ್ಲ ಹೋಯಿತು' ಎಂದು ನಿಲ್ಲಿಸುತ್ತಾರೆ. ಔಷಧಕ್ಕೆ ಸಿಗದ ಮರಿಹುಳಗಳು ಮೈಯೊಳಗೆ ಇನ್ನೂ ಇರುತ್ತವೆ. ಅವು ಕರುಳಿಗೆ ಬಂದು ಬೆಳೆದಾಗ ಹೊಡೆಯಲೆಂದೇ ಎರಡನೆಯ ಸಲದ್ದು. ಈ ಹುಳದ ಮೊಟ್ಟೆ ಮಕ್ಕಳ ಹೊಟ್ಟೆಗೂ ಹೋಗಬಹುದು. ಮಲವನ್ನು ಕೂಡಲೇ ಎತ್ತಿ, ಮಕ್ಕಳ ಕೈ ತೊಳೆಸಿ.

## ಹಂತ 7: ಲಸಿಕೆ, ಎಲ್ಲರೂ ಎಡವುವ ಜಾಗ

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು: ಯಾಕೆ ಒಂದು ಸೂಜಿ ಸಾಲದು?

ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಸಾಲವಾಗಿ ಬಂದಿರುತ್ತದೆ. ಆ ಸಾಲದ ಶಕ್ತಿ ಇರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಕೆಲವು ವಾರಗಳಲ್ಲಿ ಅದು ಕರಗುತ್ತದೆ. ಒಂದು ಮರಿಗೆ ಎಂಟನೇ ವಾರಕ್ಕೆ, ಇನ್ನೊಂದಕ್ಕೆ ಹದಿನಾಲ್ಕಕ್ಕೆ. ಹೊರಗಿನಿಂದ ನೋಡಿ ಹೇಳಲಾಗದು. ನಡುವೆ ಒಂದು ಹೊತ್ತು ಬರುತ್ತದೆ: ತಾಯಿಯ ಶಕ್ತಿ ರೋಗವನ್ನು ತಡೆಯುವಷ್ಟು ಇರುವುದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಇರುತ್ತದೆ. ಆ ಹೊತ್ತನ್ನು ದಾಟಿಸಲೆಂದೇ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರ ಮುಟ್ಟುವವರೆಗೆ ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸೂಜಿ, ಎಲ್ಲರೂ ಬಿಡುವುದೂ ಅದನ್ನೇ.

ವೈದ್ಯರು ಹಾಕಿಕೊಡುವ ವೇಳಾಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ:

1. 6–8 ವಾರ: ಪಾರ್ವೊ, ಡಿಸ್ಟೆಂಪರ್ (ಉಸಿರಾಟ, ನರಗಳನ್ನು ಹಿಡಿಯುವ ವೈರಾಣು ಕಾಯಿಲೆ) ಮುಂತಾದವುಗಳ ವಿರುದ್ಧ ಮೊದಲ ಲಸಿಕೆ.
2. 10–12 ವಾರ: ಬಹುರೋಗ ಲಸಿಕೆಯ ಎರಡನೆಯ ಸುತ್ತು. ಸಾಮಾನ್ಯವಾಗಿ ಇಲಿ ಜ್ವರದ ಲಸಿಕೆಯೂ ಇದರಲ್ಲಿ ಸೇರಿರುತ್ತದೆ.
3. 12 ವಾರ ತುಂಬಿದ ಮೇಲೆ: ರೇಬೀಸ್. ಕೆಲವು ವೈದ್ಯರು ತಿಂಗಳೊಳಗೆ ಇನ್ನೊಂದು ಹಾಕುತ್ತಾರೆ.
4. 16 ವಾರ ಅಥವಾ ಅದರ ನಂತರ: ಬಹುರೋಗ ಲಸಿಕೆಯ ಕೊನೆಯ ಸುತ್ತು.
5. ಅಲ್ಲಿಂದ ಒಂದು ವರ್ಷಕ್ಕೆ: ಎಲ್ಲದರ ಮರುಲಸಿಕೆ.

ತಾರೀಖುಗಳನ್ನು ಮರಿ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಒಳ್ಳೆಯದು, ದಿನವೂ ಕಣ್ಣಿಗೆ ಬೀಳುತ್ತದೆ.

ಲಸಿಕೆಯ ಬಾಟಲಿ. ಇದನ್ನು 2 ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಅಂಗಡಿಯಿಂದ ನೀವೇ ತರಬೇಕಾದರೆ ಐಸ್ ಪ್ಯಾಕ್ ಇರುವ ಡಬ್ಬಿ ಒಯ್ಯಿರಿ. ಜೇಬಿನಲ್ಲಿಟ್ಟು ಬಿಸಿಲಿನಲ್ಲಿ ಬೈಕ್ ಓಡಿಸಬೇಡಿ, ಐಸ್‌ಗೆ ನೇರ ತಾಗಿಸಿ ಹೆಪ್ಪುಗಟ್ಟಿಸಲೂ ಬೇಡಿ. ಬಹುರೋಗ ಲಸಿಕೆ ಸಾಮಾನ್ಯವಾಗಿ ಎರಡು ಪುಟ್ಟ ಬಾಟಲಿಗಳಲ್ಲಿ ಬರುತ್ತದೆ, ಒಂದರಲ್ಲಿ ಒಣ ಬಿಲ್ಲೆ, ಇನ್ನೊಂದರಲ್ಲಿ ದ್ರವ. ನಿಮ್ಮ ಕಣ್ಣೆದುರೇ ಬೆರೆಸಿ ಹಾಕಲಿ, ಚೀಟಿಯನ್ನು ಕಾರ್ಡಿಗೆ ಅಂಟಿಸಲಿ. ಹೀಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದು ದಿನ ಮಂಕಾಗಿರುವುದು, ಸೂಜಿಯ ಜಾಗ ನೋಯುವುದು ಸಹಜ. ಮುಖ ಊದಿದರೆ, ಮೈತುಂಬ ದದ್ದು ಎದ್ದರೆ, ಮೇಲಿಂದ ಮೇಲೆ ವಾಂತಿಯಾದರೆ ಅಥವಾ ಕುಸಿದರೆ ತಡಮಾಡದೆ ಒಳಗೆ ಎತ್ತಿಕೊಂಡು ಹೋಗಿ. ಜ್ವರ, ಭೇದಿ ಇರುವ ಮರಿಗೆ ಲಸಿಕೆ ಹಾಕಿಸುವುದಿಲ್ಲ. ಮೊದಲು ಅದು ಗುಣವಾಗಲಿ.

ತಿರುಗಾಟ ಯಾವಾಗ? ಕೊನೆಯ ಸೂಜಿಯಾಗಿ ಎರಡು ವಾರ ಕಳೆಯುವವರೆಗೆ ಬೀದಿ, ಉದ್ಯಾನ, ಕೆರೆಯ ದಂಡೆ ಯಾವುದರ ನೆಲಕ್ಕೂ ಮರಿಯ ಕಾಲು ತಾಗಬಾರದು. ನಾನು ಎಡವಿದ್ದು ಇಲ್ಲಿಯೇ. ಎರಡನೆಯ ಸೂಜಿಗೆ ಇನ್ನೂ ಒಂಬತ್ತು ದಿನವಿತ್ತು. ಭಾನುವಾರ ಸಂಜೆ ಮಕ್ಕಳ ಹಟಕ್ಕೆ ಸಾಧನಕೇರಿಗೆ ಒಯ್ದೆವು. ಮರಿ ಹುಲ್ಲಿನಲ್ಲಿ ಮೂಗಾಡಿಸಿಕೊಂಡು ಕುಣಿಯಿತು. ಶುಕ್ರವಾರ ಬೆಳಿಗ್ಗೆ ಬಟ್ಟಲು ಮುಟ್ಟಲಿಲ್ಲ. ಸೋಮವಾರ ಅದಿರಲಿಲ್ಲ.

ಹಾಗೆಂದು ನಾಲ್ಕು ತಿಂಗಳು ಮನೆಯೊಳಗೇ ಕೂಡಿಹಾಕಿದರೆ ಬಸ್ಸಿನ ಸದ್ದಿಗೂ ಬೆಚ್ಚುವ ನಾಯಿಯಾಗುತ್ತದೆ. ಎತ್ತಿಕೊಂಡು ಸುತ್ತಾಡಿಸಿ. ಗೇಟಿನ ಬಳಿ ಮಡಿಲಲ್ಲಿ ಕೂರಿಸಿಕೊಂಡು ಆಟೋ, ಹೂವಿನವರು, ಶಾಲೆಯ ಮಕ್ಕಳನ್ನು ತೋರಿಸಿ. ಲಸಿಕೆಯಾದ ಆರೋಗ್ಯವಂತ ನಾಯಿಯಿರುವ ಮನೆಗೆ ಕರೆದೊಯ್ಯಬಹುದು. ಹೊರಗಿನ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಿ. ಪಾರ್ವೊ ನಿಮ್ಮ ಅಂಗಾಲಿನ ಜೊತೆಯೂ ಒಳಗೆ ಬರುತ್ತದೆ.

## ಹಂತ 8: ಉಣ್ಣೆ

ಕಂದುಬಣ್ಣದ ನಾಯಿ ಉಣ್ಣೆ ನಾಯಿಯ ಮೈಮೇಲೆ ಮಾತ್ರ ಇರುವುದಿಲ್ಲ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗುದುರಿ, ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಹಂಚಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಗೆ ಔಷಧ ಹಾಕಿ ಗೋಡೆಯನ್ನು ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಬಿರುಕಿಗೆ ಸಿಮೆಂಟು ಮೆತ್ತಿ, ಹಾಸಿಗೆಯ ಬಟ್ಟೆ ಕುದಿನೀರಿನಲ್ಲಿ ತೊಳೆಯಿರಿ.

ಮರಿಗೆ ಹಾಕುವ ಔಷಧ ವಯಸ್ಸು, ತೂಕ ಎರಡಕ್ಕೂ ಹೊಂದಬೇಕು. ಹೆಗಲ ನಡುವೆ ಹನಿಸುವಂಥವನ್ನು ಸಾಮಾನ್ಯವಾಗಿ ಎಂಟು ವಾರದ ಮೇಲೆ ಬಳಸುತ್ತಾರೆ. ಪೊಟ್ಟಣದ ಮೇಲಿನ ತೂಕದ ಮಿತಿ ಓದಿ.

ಇದನ್ನು ಮಾಡಲೇಬೇಡಿ: ಎಮ್ಮೆ, ಆಕಳಿಗೆ ಸಿಂಪಡಿಸುವ ಉಣ್ಣೆ ಔಷಧವನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಮರಿಯ ಮೈಗೆ ಸುರಿಯುವುದು. ಹಳ್ಳಿಯ ಮನೆಗಳಿಂದ ಬರುವ ಫೋನುಗಳಲ್ಲಿ ಇದೇ ಹೆಚ್ಚು. ಮರಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ, ನಡುಗುತ್ತದೆ, ಸೆಟೆದುಕೊಳ್ಳುತ್ತದೆ. ಹುಳ, ಉಣ್ಣೆಗೆಂದು ದನಕ್ಕೆ ಹಾಕುವ ಐವರ್‌ಮೆಕ್ಟಿನ್ ಸೂಜಿಯೂ ಹಾಗೆಯೇ. ದನದ ಲೆಕ್ಕದ ಆ ಗಟ್ಟಿ ಔಷಧ ಒಂದೆರಡು ಹನಿ ಹೆಚ್ಚಾದರೂ ಪುಟ್ಟ ಮರಿಗೆ ಅಪಾಯ, ಕೋಲಿಯಂಥ ತಳಿಗಳಿಗಂತೂ ಮಾರಕ.

ಉಣ್ಣೆ ಕಚ್ಚಿದ ಕೆಲವು ದಿನ, ವಾರಗಳ ಮೇಲೆ ಜ್ವರ, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಕಡುಗಂದು ಮೂತ್ರ ಕಂಡರೆ ರಕ್ತಪರೀಕ್ಷೆ ಮಾಡಿಸಿ. ಉಣ್ಣೆ ಜ್ವರಕ್ಕೆ ಔಷಧವಿದೆ, ತಡವಾಗಬಾರದು ಅಷ್ಟೆ.

## ಹಂತ 9: ಅಪಾಯದ ಗುರುತುಗಳು

ಇದನ್ನು ಮರಿ ಆರೋಗ್ಯವಾಗಿರುವಾಗಲೇ ಅಭ್ಯಾಸ ಮಾಡಿ. ತುಟಿ ಎತ್ತಿ ಒಸಡು ನೋಡಿ: ತಿಳಿಗುಲಾಬಿ, ತೇವ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಹೆಗಲ ಚರ್ಮ ಎತ್ತಿ ಬಿಟ್ಟರೆ ಥಟ್ಟನೆ ಕೂರಬೇಕು. ಗುಡಾರದಂತೆ ನಿಂತರೆ ಮೈಯಲ್ಲಿ ನೀರಿಲ್ಲ. ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ತುಸುವೇ ಇಡಿ. ನಾಯಿಯ ಸಹಜ ತಾಪ 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 102 ಜ್ವರ, ಅದರ ಲೆಕ್ಕದಲ್ಲಿ ಅಲ್ಲ.

ಅದೇ ದಿನ ತೋರಿಸಬೇಕಾದವು: ಎರಡು ಹೊತ್ತು ಊಟ ಬಿಡುವುದು, ನೀರಿನಂಥ ಭೇದಿ, ಕೆಮ್ಮಿನೊಡನೆ ಕಣ್ಣು–ಮೂಗಿನಲ್ಲಿ ಗಟ್ಟಿ ಸೋರಿಕೆ (ಡಿಸ್ಟೆಂಪರ್ ಹೀಗೆಯೇ ಶುರುವಾಗುತ್ತದೆ), ತಾಪ 103ರ ಮೇಲೆ.

ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಬೇಕಾದವು: ವಾಂತಿ ಮತ್ತು ಭೇದಿ ಎರಡೂ ಒಟ್ಟಿಗೆ, ರಕ್ತ ಬೆರೆತ ಕೊಳೆತ ನಾತದ ಭೇದಿ, ಬಿಳಿಚಿದ ಒಸಡು, ತಾಪ 104ರ ಮೇಲೆ ಅಥವಾ 99ರ ಕೆಳಗೆ, ಸೆಟೆತ, ಉಬ್ಬಿದ ಹೊಟ್ಟೆ, ವಿಷ ತಿಂದ ಅನುಮಾನ. ವಿಷವಾದರೆ ಅದರ ಪೊಟ್ಟಣವನ್ನೂ ಒಯ್ಯಿರಿ.

ವೈದ್ಯರು ಸಿಗುವವರೆಗೆ ಮರಿಯನ್ನು ಬೆಚ್ಚಗಿಡಿ. ಮೇಲಿಂದ ಮೇಲೆ ವಾಂತಿಯಾಗುತ್ತಿದ್ದರೆ ಬಾಯಿಗೆ ಏನನ್ನೂ ಒತ್ತಾಯದಿಂದ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಚಿಕ್ಕ ತಳಿಯ ಮರಿ ನಿತ್ರಾಣವಾಗಿ ತೂರಾಡುತ್ತಿದ್ದರೆ ಸಕ್ಕರೆ ಪಾಕವನ್ನು ಬೆರಳಿಗೆ ಹಚ್ಚಿ ಒಸಡಿಗೆ ಸವರಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ನಮ್ಮ ಮಾತ್ರೆಗಳು ಅರ್ಧ, ಕಾಲು ಎಂದು ಮುರಿದು ಕೊಟ್ಟರೂ ವಿಷವೇ. ಮೆಡಿಕಲ್ ಅಂಗಡಿಯವರು ಒಳ್ಳೆಯ ಮನಸ್ಸಿನಿಂದ ಕೊಡುವ ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ. ಪಾರ್ವೊದಲ್ಲಿ ಜೀವ ಉಳಿಸುವುದು ಸಲೈನ್, ಅದನ್ನು ಎಷ್ಟು ಬೇಗ ಹಾಕಿಸುತ್ತೀರಿ ಎಂಬುದು. ಗುಣವಾದ ಮರಿಯೂ ಕೆಲವು ವಾರ ಮಲದಲ್ಲಿ ವೈರಾಣು ಬಿಡುತ್ತದೆ, ಅಕ್ಕಪಕ್ಕದ ಮರಿಗಳಿಂದ ದೂರವಿಡಿ.

## ಹಂತ 10: ಮರಿ ಕಚ್ಚಿದರೆ, ಪರಚಿದರೆ

ಹಲ್ಲು ಬರುವ ಮರಿ ಕಚ್ಚಿಯೇ ಕಚ್ಚುತ್ತದೆ. 'ಪುಟ್ಟ ಮರಿ, ಅದಕ್ಕೇನು ಹುಚ್ಚು' ಎನ್ನಬೇಡಿ. ಮರಿಗೂ ರೇಬೀಸ್ ಬರುತ್ತದೆ. ರಕ್ತ ಬಂದರೆ, ಚರ್ಮ ತರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್), ಜಿಲ್ಲಾ ಆಸ್ಪತ್ರೆಗಳಲ್ಲಿ ಲಸಿಕೆ ಸಿಗುತ್ತದೆ. ಕೊಟ್ಟ ತಾರೀಖುಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ಬೀದಿಯಿಂದ ತಂದ, ಹಿನ್ನೆಲೆ ಗೊತ್ತಿಲ್ಲದ ಮರಿಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ.

## ಹಂತ 11: ಆರು ತಿಂಗಳಿಂದ ಒಂದು ವರ್ಷ

ಹೆಣ್ಣುಮರಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ ಮೊದಲ ಸಲ ಬೆದೆಗೆ ಬರುತ್ತದೆ. ಶಸ್ತ್ರಚಿಕಿತ್ಸೆ ಯಾವಾಗ ಎಂಬುದನ್ನು ಐದನೇ ತಿಂಗಳಲ್ಲೇ ವೈದ್ಯರೊಡನೆ ಮಾತಾಡಿ. ದೊಡ್ಡ ತಳಿಗಳಿಗೆ ತುಸು ತಡಮಾಡಲು ಹೇಳಬಹುದು. ಒಮ್ಮೆ ಮರಿ ಹಾಕಲೇಬೇಕು ಎಂಬ ಹಿರಿಯರ ಮಾತಿಗೆ ಆಧಾರವಿಲ್ಲ. ಮಾಡಿಸದೆ ಬಿಟ್ಟ ಹೆಣ್ಣುನಾಯಿಗಳಲ್ಲಿ ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವುದುಂಟು, ಆಗಿನ ಶಸ್ತ್ರಚಿಕಿತ್ಸೆ ತುರ್ತಿನದು, ಖರ್ಚೂ ಹೆಚ್ಚು.

ಮೂರನೆಯ ಲಕೋಟೆಯಲ್ಲಿ ಹಣ ಉಳಿದಿದ್ದರೆ ಅದನ್ನು ಹಾಗೆಯೇ ಬಿಡಿ. ಕ್ಯಾಲೆಂಡರ್ ಬದಲಿಸುವಾಗ ವರ್ಷದ ಮರುಲಸಿಕೆಯ ತಾರೀಖನ್ನು ಹೊಸದರಲ್ಲಿ ಬರೆದುಕೊಂಡ ಮೇಲೆ ಹಳೆಯದನ್ನು ರದ್ದಿಗೆ ಹಾಕಿ.